ಒಂದೇ ಕಡತದಲ್ಲಿ ಭೂಪಟ: ಜಾಲತಾಣದ ನಕ್ಷೆಯ ವೆಚ್ಚಕ್ಕೆ ಹೊಸ ಲೆಕ್ಕಾಚಾರ

ಮಾರಾಟ ಮಳಿಗೆ ಯಾವ ರಸ್ತೆಯಲ್ಲಿದೆ, ವಿತರಕರು ಯಾವ ಯಾವ ತಾಲ್ಲೂಕುಗಳಲ್ಲಿದ್ದಾರೆ, ಕಳುಹಿಸಿದ ಸರಕು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಜಾಲತಾಣದ ಭೂಪಟದಲ್ಲಿ ತೋರಿಸುವುದು ಸಣ್ಣ ಉದ್ದಿಮೆಗಳಿಗೂ ಸಾಮಾನ್ಯ ಸಂಗತಿಯಾಗಿದೆ. ಜಾಲತಾಣ ರೂಪಿಸಿಕೊಟ್ಟವರೇ ಭೂಪಟವನ್ನೂ ಸೇರಿಸಿಕೊಟ್ಟಿರುತ್ತಾರೆ. ಅಂಗಡಿಯ ನಾಮಫಲಕದಂತೆ ಅದೂ ಒಮ್ಮೆ ಹಾಕಿಸಿದರೆ ಮುಗಿಯಿತು ಎಂದು ಮಾಲೀಕರು ಭಾವಿಸುವುದು ಸಹಜ. ವಾಸ್ತವದಲ್ಲಿ ಇಂತಹ ಬಹುಪಾಲು ಭೂಪಟಗಳು ಬೇರೊಂದು ಸಂಸ್ಥೆಯಿಂದ ಬಾಡಿಗೆಗೆ ಬರುವಂತಹವು. ನೋಡುಗರು ಪುಟ ತೆರೆದಷ್ಟೂ ಎಣಿಕೆ ಏರುತ್ತದೆ. ಉಚಿತ ಮಿತಿಯನ್ನು ದಾಟಿದೊಡನೆ ಶುಲ್ಕ ಆರಂಭವಾಗುತ್ತದೆ.

ಇದಕ್ಕೆ ಪರ್ಯಾಯವಾಗಿ, ಬೇಕಾದ ಪ್ರದೇಶದ ಇಡೀ ಭೂಪಟವನ್ನು ಒಂದೇ ಕಡತದಲ್ಲಿ ಅಡಕಗೊಳಿಸಿ, ಉದ್ದಿಮೆಯು ತನ್ನದೇ ಸಂಗ್ರಹದಲ್ಲಿ ಇಟ್ಟುಕೊಳ್ಳುವ ವಿಧಾನವೊಂದು ಕಳೆದ ಕೆಲವು ವರ್ಷಗಳಲ್ಲಿ ಬಳಕೆಗೆ ಬಂದಿದೆ. ಭೂಪಟ ಬಿಡಿಸುವ ಪ್ರಮುಖ ತಂತ್ರಾಂಶಗಳಲ್ಲಿ ಅಂತಹ ಕಡತವನ್ನು ನೇರವಾಗಿ ಓದುವ ವ್ಯವಸ್ಥೆಯೂ ಒದಗಿದೆ. ಈ ವಿಧಾನವು ಹೇಗೆ ಕೆಲಸ ಮಾಡುತ್ತದೆ, ಅದರ ಖರ್ಚೆಷ್ಟು, ಯಾರಿಗೆ ಉಪಯುಕ್ತ ಮತ್ತು ಯಾರಿಗೆ ಅನಗತ್ಯ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ದರ ನಿಗದಿ ಯಾರ ಕೈಯಲ್ಲಿ?

ಗೂಗಲ್ ಸಂಸ್ಥೆಯು ತನ್ನ ಭೂಪಟ ಸೇವೆಯನ್ನು ಆರಂಭಿಸಿದ್ದು 2005ರಲ್ಲಿ. ಜಾಲತಾಣಗಳ ಬಳಕೆಗೆ ಕೆಲವು ವರ್ಷಗಳ ಕಾಲ ದಿನಕ್ಕೆ 25,000 ಬಾರಿಯವರೆಗೆ ಶುಲ್ಕವಿರಲಿಲ್ಲ. ಅದಕ್ಕೂ ಮೀರಿದ ಪ್ರತಿ ಸಾವಿರಕ್ಕೆ ಅರ್ಧ ಡಾಲರ್ ದರವಿತ್ತು. 2018ರಲ್ಲಿ ಈ ಪದ್ಧತಿ ಬದಲಾಯಿತು. ಚಲಿಸುವ ಭೂಪಟದ ದರವು ಸಾವಿರಕ್ಕೆ 7 ಡಾಲರ್ ಆಯಿತು. ಅದರ ಎದುರಿಗೆ ತಿಂಗಳಿಗೆ 200 ಡಾಲರ್‌ನ ರಿಯಾಯಿತಿ ದೊರೆಯಿತು. ತಿಂಗಳಿಗೆ ಒಂದು ಲಕ್ಷ ಬಾರಿ ಭೂಪಟ ತೆರೆಯುತ್ತಿದ್ದ ಜಾಲತಾಣವು ಹಿಂದೆ ಏನನ್ನೂ ಕೊಡಬೇಕಿರಲಿಲ್ಲ. ಹೊಸ ದರದಲ್ಲಿ 700 ಡಾಲರ್‌ಗೆ 200 ಕಳೆದು 500 ಡಾಲರ್ ಕೊಡಬೇಕಾಯಿತು. 2024ರ ಆಗಸ್ಟ್ 1ರಿಂದ ಅದೇ ಸಂಸ್ಥೆಯು ಭಾರತದ ಬಳಕೆದಾರರಿಗೆ ದರವನ್ನು ಶೇ. 70ರವರೆಗೆ ಇಳಿಸಿತು. 2025ರ ಮಾರ್ಚ್‌ನಲ್ಲಿ 200 ಡಾಲರ್ ರಿಯಾಯಿತಿಯ ಪದ್ಧತಿ ಹೋಗಿ, ಪ್ರತಿ ಸೇವೆಗೂ ಪ್ರತ್ಯೇಕ ಉಚಿತ ಮಿತಿ ಜಾರಿಗೆ ಬಂದಿತು.

ದರ ಏರಿತು ಅಥವಾ ಇಳಿಯಿತು ಎಂಬುದಕ್ಕಿಂತ, ಎರಡು ಸಂದರ್ಭಗಳಲ್ಲೂ ಬಳಕೆದಾರರ ಮಾತು ನಡೆಯಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಮಳಿಗೆಯ ಬಾಡಿಗೆಗೆ ಕರಾರು ಪತ್ರವಿರುತ್ತದೆ. ಇಂತಹ ಸೇವೆಗಳ ದರಪಟ್ಟಿಯಾದರೋ ಒದಗಿಸುವವರ ಇಚ್ಛೆಯಂತೆ ಬದಲಾಗುತ್ತದೆ. ಹಬ್ಬದ ಮಾರಾಟದಲ್ಲಿ ಜಾಲತಾಣಕ್ಕೆ ಜನ ಹೆಚ್ಚಿದಾಗ, ವಹಿವಾಟು ಕುದುರಲಿ ಬಿಡಲಿ, ಭೂಪಟದ ವೆಚ್ಚ ಮಾತ್ರ ಏರುತ್ತದೆ.

ಟೈಲ್‌ಗಳ ಲೆಕ್ಕ

ಪರದೆಯ ಮೇಲೆ ಅಖಂಡವಾಗಿ ಕಾಣುವ ಭೂಪಟವು ವಾಸ್ತವವಾಗಿ ಚೌಕಾಕಾರದ ತುಣುಕುಗಳ ಜೋಡಣೆ. ನೆಲಕ್ಕೆ ಹಾಸುವ ಟೈಲ್‌ಗಳಂತೆ ಇವುಗಳನ್ನು ಒಂದರ ಪಕ್ಕ ಒಂದು ಇಡಲಾಗುತ್ತದೆ. ಹೆಸರೂ ಟೈಲ್ ಎಂದೇ. ಅತ್ಯಂತ ಕುಗ್ಗಿಸಿದ ಹಂತದಲ್ಲಿ, ಅಂದರೆ ಸೊನ್ನೆಯ ಹಂತದಲ್ಲಿ, ಇಡೀ ಜಗತ್ತು ಒಂದೇ ಟೈಲ್. ಒಂದೊಂದು ಹಂತ ಹಿಗ್ಗಿಸಿದಾಗಲೂ ಪ್ರತಿ ಟೈಲ್ ನಾಲ್ಕಾಗಿ ಒಡೆಯುತ್ತದೆ. ಹತ್ತನೆಯ ಹಂತಕ್ಕೆ ಈ ಸಂಖ್ಯೆ 10,48,576. ಬೀದಿಗಳು ಸ್ಪಷ್ಟವಾಗಿ ಕಾಣುವ ಹದಿನಾಲ್ಕನೆಯ ಹಂತದಲ್ಲಿ 26,84,35,456. ಸೊನ್ನೆಯಿಂದ ಹದಿನಾಲ್ಕರವರೆಗಿನ ಮೊತ್ತ 35,79,13,941.

ನೋಡುಗರಿಗೆ ಬೇಕಾಗುವುದು ಇವುಗಳಲ್ಲಿ ಹತ್ತಿಪ್ಪತ್ತು ಮಾತ್ರ. ಆದರೆ ಯಾರು ಯಾವ ಊರನ್ನು ಯಾವ ಹಂತದಲ್ಲಿ ನೋಡುವರೆಂದು ಮೊದಲೇ ತಿಳಿಯದು. ಆದ್ದರಿಂದ ಎಲ್ಲವೂ ಸಿದ್ಧವಿರಬೇಕು. ಒಂದೊಂದು ಟೈಲನ್ನೂ ಒಂದೊಂದು ಕಡತವಾಗಿ ಇಟ್ಟರೆ ಮೂವತ್ತೈದು ಕೋಟಿಗೂ ಮಿಕ್ಕ ಕಡತಗಳಾಗುತ್ತವೆ. ಕರ್ನಾಟಕದ 1,91,791 ಚದರ ಕಿಲೋಮೀಟರ್ ವಿಸ್ತೀರ್ಣಕ್ಕೆ ಹದಿನಾಲ್ಕನೆಯ ಹಂತವೊಂದರಲ್ಲೇ ಸ್ಥೂಲ ಲೆಕ್ಕಕ್ಕೆ 35 ಸಾವಿರದಷ್ಟು ಟೈಲ್‌ಗಳು ಬೇಕು. ಇಷ್ಟು ಬಿಡಿ ಕಡತಗಳನ್ನು ಏರಿಸುವುದು, ನಕಲು ಮಾಡುವುದು, ಒಂದೂ ತಪ್ಪಿಲ್ಲವೆಂದು ತಾಳೆ ನೋಡುವುದು ಸಣ್ಣ ಸಂಸ್ಥೆಗೆ ಆಗಿಬರುವ ಕೆಲಸವಲ್ಲ. ಭೂಪಟವನ್ನು ದೊಡ್ಡ ಸಂಸ್ಥೆಗಳಿಂದ ಬಾಡಿಗೆಗೆ ಪಡೆಯುವ ರೂಢಿ ಬಲಗೊಳ್ಳಲು ಇದೂ ಒಂದು ಮುಖ್ಯ ಕಾರಣ.

ಬಿಡಿ ಚೀಟಿಯಿಂದ ಖಾತೆ ಪುಸ್ತಕಕ್ಕೆ

ಬಿಡಿ ಚೀಟಿಗಳ ಕಂತೆಯಲ್ಲಿ ಲೆಕ್ಕ ಇಡಲಾಗದೆಂದೇ ವ್ಯಾಪಾರಸ್ಥರು ಖಾತೆ ಪುಸ್ತಕವನ್ನು ಇಟ್ಟುಕೊಂಡರು. ಭೂಪಟದಲ್ಲೂ ಅದೇ ಆಯಿತು. ಮ್ಯಾಪ್‌ಬಾಕ್ಸ್ ಸಂಸ್ಥೆಯು 2010ರ ದಶಕದ ಆರಂಭದಲ್ಲಿ ಎಂಬಿಟೈಲ್ಸ್ ಎಂಬ ಮಾದರಿಯನ್ನು ರೂಪಿಸಿತು. ಟೈಲ್‌ಗಳೆಲ್ಲವನ್ನೂ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಕೋಶದ ಒಂದೇ ಕಡತದಲ್ಲಿ ಸೇರಿಸುವ ಪದ್ಧತಿಯಿದು. ಒಯ್ಯಲು, ನಕಲು ಮಾಡಲು ಇದು ಬಹಳ ಅನುಕೂಲ. ಆದರೆ ದೂರದಲ್ಲಿರುವ ಬ್ರೌಸರ್ ಈ ಕೋಶವನ್ನು ತಾನೇ ತೆರೆದು ಓದಲಾರದು. ಕೇಳಿದ ಟೈಲನ್ನು ಹುಡುಕಿ ಕೊಡಲು ನಡುವೆ ಸರ್ವರ್ ಒಂದು ಹಗಲಿರುಳೂ ಚಾಲನೆಯಲ್ಲಿರಬೇಕು. ಖಾತೆ ಪುಸ್ತಕವೇನೋ ಬಂದಿತು. ಅದನ್ನು ತೆರೆದು ತೋರಿಸಲು ಗುಮಾಸ್ತನ ಸಂಬಳ ತಪ್ಪಲಿಲ್ಲ.

ಈ ಮಧ್ಯವರ್ತಿಯನ್ನು ಕೈಬಿಡುವ ಮಾದರಿಯೇ ಪಿಎಂಟೈಲ್ಸ್. ಪ್ರೋಟೊಮ್ಯಾಪ್ಸ್ ಯೋಜನೆಯ ಬ್ರ್ಯಾಂಡನ್ ಲಿಯು ಇದನ್ನು ರೂಪಿಸಿದರು. ಮೂರನೆಯ ಆವೃತ್ತಿ 2022ರಲ್ಲಿ ಹೊರಬಂದಿತು. ಇದರ ವಿವರಣೆಯನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು.

ಇದರ ಆಧಾರವು ಅಂತರಜಾಲದ ಹಳೆಯ ಸೌಲಭ್ಯವೊಂದು. ದೊಡ್ಡ ಕಡತವನ್ನು ಇಳಿಸಿಕೊಳ್ಳುವಾಗ ಸಂಪರ್ಕ ಕಡಿದರೆ, ಮೊದಲಿನಿಂದ ಆರಂಭಿಸದೆ ನಿಂತಲ್ಲಿಂದಲೇ ಮುಂದುವರಿಸುವುದು ಎಲ್ಲರಿಗೂ ಪರಿಚಿತ. ‘ಈ ಕಡತದ ಇಷ್ಟನೆಯ ಬೈಟ್‌ನಿಂದ ಇಷ್ಟನೆಯ ಬೈಟ್‌ವರೆಗೆ ಮಾತ್ರ ಕೊಡು’ ಎಂದು ಕೇಳುವ ಅವಕಾಶವನ್ನು 1990ರ ದಶಕದಲ್ಲಿ ರೂಪುಗೊಂಡ ಎಚ್‌ಟಿಟಿಪಿ 1.1 ನಿಯಮಾವಳಿಯೇ ಕೊಟ್ಟಿದೆ. ಇದಕ್ಕೆ ರೇಂಜ್ ಕೋರಿಕೆ ಎಂದು ಹೆಸರು.

ಪಿಎಂಟೈಲ್ಸ್ ಕಡತದ ಆರಂಭದಲ್ಲಿ 127 ಬೈಟ್‌ಗಳ ಶಿರೋಭಾಗವಿದ್ದು, ಅದರ ಬೆನ್ನಿಗೆ ಮುಖ್ಯ ಅನುಕ್ರಮಣಿಕೆ ಇರುತ್ತದೆ. ಇವೆರಡೂ ಮೊದಲ 16,384 ಬೈಟ್‌ಗಳ ಒಳಗೇ ಇರಬೇಕೆಂಬುದು ನಿಯಮ. ಬ್ರೌಸರ್ ಮೊದಲು ಅಷ್ಟನ್ನು ಮಾತ್ರ ತರಿಸಿಕೊಳ್ಳುತ್ತದೆ. ಬೇಕಾದ ಟೈಲ್ ಯಾವ ಸ್ಥಾನದಿಂದ ಆರಂಭವಾಗುತ್ತದೆ, ಅದರ ಉದ್ದವೆಷ್ಟು ಎಂಬುದು ಅನುಕ್ರಮಣಿಕೆಯಲ್ಲಿ ದೊರೆಯುತ್ತದೆ. ಅನಂತರ ಅಷ್ಟು ಭಾಗವನ್ನಷ್ಟೇ ಕೇಳುತ್ತದೆ. ಕಡತ ಬಹಳ ದೊಡ್ಡದಾದಾಗ ನಡುವೆ ಉಪ ಅನುಕ್ರಮಣಿಕೆಯೊಂದನ್ನು ನೋಡಬೇಕಾಗುತ್ತದೆ. ಮೊದಲು ಅನುಕ್ರಮಣಿಕೆ, ಅಲ್ಲಿಂದ ಖಾತೆ ಪುಟದ ಸಂಖ್ಯೆ, ಬಳಿಕ ಆ ಪುಟ ಎಂಬ ಲೆಕ್ಕಪತ್ರದ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಒಮ್ಮೆ ತರಿಸಿದ ಅನುಕ್ರಮಣಿಕೆಯನ್ನು ಬ್ರೌಸರ್ ನೆನಪಿನಲ್ಲಿಟ್ಟುಕೊಳ್ಳುವುದರಿಂದ ಮುಂದಿನ ಟೈಲ್‌ಗಳು ಬೇಗ ಬರುತ್ತವೆ.

ಜಾಗ ಉಳಿಸುವ ಎರಡು ಉಪಾಯಗಳೂ ಇದರಲ್ಲಿವೆ. ಸಮುದ್ರದ ನಡುವಿನ ಟೈಲ್‌ಗಳು ಒಂದರಂತೆ ಒಂದಿರುತ್ತವೆ; ಅವುಗಳ ಒಂದೇ ಪ್ರತಿಯನ್ನು ಇಟ್ಟು, ಉಳಿದೆಡೆಗಳಲ್ಲಿ ಅದನ್ನೇ ನೋಡುವಂತೆ ಸೂಚಿಸಲಾಗುತ್ತದೆ. ಎರಡನೆಯದಾಗಿ, ಗಣಿತಜ್ಞ ಡೇವಿಡ್ ಹಿಲ್ಬರ್ಟ್ 1891ರಲ್ಲಿ ವಿವರಿಸಿದ ವಕ್ರರೇಖೆಯ ಕ್ರಮದಲ್ಲಿ ಟೈಲ್‌ಗಳಿಗೆ ಸಂಖ್ಯೆ ನೀಡಲಾಗಿದೆ. ಭೂಮಿಯ ಮೇಲೆ ನೆರೆಹೊರೆಯಲ್ಲಿರುವ ಸ್ಥಳಗಳು ಇದರಿಂದಾಗಿ ಕಡತದಲ್ಲೂ ಬಹುಮಟ್ಟಿಗೆ ಹತ್ತಿರ ಹತ್ತಿರವೇ ಇರುತ್ತವೆ. ಪ್ರೋಟೊಮ್ಯಾಪ್ಸ್ ಯೋಜನೆಯು ಸಿದ್ಧಪಡಿಸುವ, ಹದಿನೈದನೆಯ ಹಂತದವರೆಗಿನ ಇಡೀ ಜಗತ್ತಿನ ಮೂಲ ಭೂಪಟವು ಸುಮಾರು 120 ಗಿಗಾಬೈಟ್‌ಗಳ ಒಂದೇ ಕಡತದಲ್ಲಿ ಹಿಡಿಯುತ್ತದೆ.

ಭೂಪಟ ಬಿಡಿಸುವ ತಂತ್ರಾಂಶಗಳಲ್ಲಿ ಬೆಂಬಲ

ಕಡತ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ಓದಬಲ್ಲ ತಂತ್ರಾಂಶವಿಲ್ಲದೆ ಪ್ರಯೋಜನವಿಲ್ಲ. ಬ್ರೌಸರ್‌ನಲ್ಲಿ ಭೂಪಟ ಬಿಡಿಸುವ ತಂತ್ರಾಂಶಗಳು ಮೊದಲಿನಿಂದಲೂ ‘ಹಂತ, ಅಡ್ಡಸಾಲು, ಕಂಬಸಾಲು’ ಎಂಬ ಮೂರು ಅಂಕಿಗಳ ವಿಳಾಸಕ್ಕೆ ಒಂದು ಟೈಲ್ ಎಂಬ ಲೆಕ್ಕದಲ್ಲಿ ರೂಪುಗೊಂಡವು. ಒಂದೇ ಕಡತದ ಒಳಹೊಕ್ಕು ಟೈಲನ್ನು ಹೆಕ್ಕುವುದನ್ನು ಅವುಗಳಿಗೆ ಹೊಸದಾಗಿ ಕಲಿಸಬೇಕಾಯಿತು.

ಮ್ಯಾಪ್‌ಬಾಕ್ಸ್ ಸಂಸ್ಥೆಯು ತನ್ನ ಭೂಪಟ ತಂತ್ರಾಂಶವನ್ನು 2020ರ ಡಿಸೆಂಬರ್‌ನಲ್ಲಿ ಮುಕ್ತ ಪರವಾನಗಿಯಿಂದ ಹಿಂದೆಗೆದುಕೊಂಡಾಗ, ಅದರ ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದು ಮ್ಯಾಪ್‌ಲಿಬ್ರೆ ಹುಟ್ಟಿತು. ಹೊಸ ಬಗೆಯ ವಿಳಾಸವನ್ನು ಹೇಗೆ ಓದಬೇಕೆಂದು ಹೊರಗಿನಿಂದ ತಿಳಿಸಿಕೊಡುವ ಅವಕಾಶ ಅದರಲ್ಲಿದೆ. ಪಿಎಂಟೈಲ್ಸ್‌ನ ಚಿಕ್ಕ ಪೂರಕ ತಂತ್ರಾಂಶವೊಂದನ್ನು ಸೇರಿಸಿ, ಭೂಪಟದ ಮೂಲವಾಗಿ ಈ ಕಡತದ ವಿಳಾಸವನ್ನು ಸೂಚಿಸಿದರೆ ಉಳಿದುದನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಲೀಫ್‌ಲೆಟ್ ಮತ್ತು ಓಪನ್‌ಲೇಯರ್ಸ್ ಎಂಬ ಜನಪ್ರಿಯ ತಂತ್ರಾಂಶಗಳಿಗೂ ಇಂತಹ ಪೂರಕಗಳಿವೆ. ಮೊಬೈಲ್ ಅನ್ವಯಗಳಿಗಾಗಿ ಇರುವ ಮ್ಯಾಪ್‌ಲಿಬ್ರೆ ನೇಟಿವ್‌ನಲ್ಲೂ ಬೆಂಬಲ ದೊರೆತಿದೆ. ಮೂರು ಅಂಕಿಗಳ ವಿಳಾಸವನ್ನಷ್ಟೇ ಬಲ್ಲ ಹಳೆಯ ತಂತ್ರಾಂಶಗಳಿಗೆ ನಡುವೆ ಚಿಕ್ಕ ಸರ್ವರ್ ಇಟ್ಟು ಅದೇ ಕಡತದಿಂದ ಟೈಲ್ ಒದಗಿಸಬಹುದು.

ಈಗಾಗಲೇ ಎಂಬಿಟೈಲ್ಸ್ ಕಡತ ಹೊಂದಿರುವವರು ಅದನ್ನು ಪಿಎಂಟೈಲ್ಸ್ ಆಗಿ ಪರಿವರ್ತಿಸಿಕೊಳ್ಳಲು ಉಚಿತ ಸಾಧನವಿದೆ. ಅದೇ ಸಾಧನದಿಂದ, 120 ಗಿಗಾಬೈಟ್‌ಗಳನ್ನು ಪೂರ್ತಿ ಇಳಿಸಿಕೊಳ್ಳದೆ, ಜಗತ್ತಿನ ಕಡತದಿಂದ ಒಂದು ರಾಜ್ಯದ ಅಥವಾ ಜಿಲ್ಲೆಯ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬಹುದು. ಕತ್ತರಿಸುವ ಮುನ್ನವೇ ಗಾತ್ರ ಎಷ್ಟಾಗುವುದೆಂದು ಅದು ತಿಳಿಸುತ್ತದೆ.

ಖರ್ಚಿನ ತಾಳೆ

ಬಿಡಿ ಕಡತಗಳಿಗೂ ಒಂದೇ ಕಡತಕ್ಕೂ ಇರುವ ಅಂತರವು ಅಂಕಿಗಳಲ್ಲಿ ಸ್ಪಷ್ಟವಾಗುತ್ತದೆ. ಅಮೆಜಾನ್‌ನ ಎಸ್3 ಸಂಗ್ರಹ ಸೇವೆಯ ಅಮೆರಿಕ ಪೂರ್ವ ವಲಯದ ಸಾಮಾನ್ಯ ದರದಲ್ಲಿ, ಕಡತಗಳನ್ನು ಏರಿಸುವ ಪ್ರತಿ ಸಾವಿರ ಕೋರಿಕೆಗೆ 0.005 ಡಾಲರ್. ಸೊನ್ನೆಯಿಂದ ಹದಿನಾಲ್ಕನೆಯ ಹಂತದವರೆಗಿನ ಜಗತ್ತಿನ ಟೈಲ್‌ಗಳನ್ನು ಬಿಡಿಬಿಡಿಯಾಗಿ ಏರಿಸಿದರೆ, ಕೇವಲ ಏರಿಸುವ ಶುಲ್ಕವೇ ಸುಮಾರು 1,790 ಡಾಲರ್. ಭೂಪಟವನ್ನು ನವೀಕರಿಸಿದಾಗಲೆಲ್ಲ ಈ ಖರ್ಚು ಮರುಕಳಿಸುತ್ತದೆ. ದೊಡ್ಡ ಕಡತವೊಂದನ್ನು ಅದೇ ಸೇವೆಗೆ ಹೆಚ್ಚೆಂದರೆ 10,000 ಕಂತುಗಳಲ್ಲಿ ಏರಿಸಬಹುದು. ಅಷ್ಟೂ ಕಂತುಗಳನ್ನು ಬಳಸಿದರೂ ಕಂತುಗಳ ಶುಲ್ಕ 5 ಸೆಂಟ್.

ಇನ್ನು ಸಂಗ್ರಹದ ಬಾಡಿಗೆ. ಕ್ಲೌಡ್‌ಫ್ಲೇರ್ ಸಂಸ್ಥೆಯು 2022ರಲ್ಲಿ ಆರಂಭಿಸಿದ ಆರ್2 ಸೇವೆಯ ದರವು ತಿಂಗಳಿಗೆ ಒಂದು ಗಿಗಾಬೈಟ್‌ಗೆ ಒಂದೂವರೆ ಸೆಂಟ್ ಎಂದು ನಿಗದಿಯಾಯಿತು. ಹೊರಹೋಗುವ ದತ್ತಾಂಶಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಆ ಲೆಕ್ಕದಲ್ಲಿ ಜಗತ್ತಿನ 120 ಗಿಗಾಬೈಟ್‌ಗೆ ತಿಂಗಳಿಗೆ 1 ಡಾಲರ್ 80 ಸೆಂಟ್. ಒಂದೇ ರಾಜ್ಯದ ಭೂಪಟ ಸಾಕೆನ್ನುವವರ ಖರ್ಚು ಇನ್ನೂ ಕಡಿಮೆ. ಹೊರಹೋಗುವ ದತ್ತಾಂಶಕ್ಕೆ ಶುಲ್ಕ ವಿಧಿಸುವ ಸಂಗ್ರಹಗಳಲ್ಲಿ ಬಾಡಿಗೆಗಿಂತ ಆ ಶುಲ್ಕವೇ ಹೆಚ್ಚಾಗಬಹುದಾದ್ದರಿಂದ ಆಯ್ಕೆಗೆ ಮುನ್ನ ದರಪಟ್ಟಿಯ ಈ ಸಾಲನ್ನು ಓದಲೇಬೇಕು. ಒಂದು ಸೇವೆಯ ದರ ಏರಿದರೆ ಕಡತವನ್ನು ಬೇರೊಂದು ಸಂಗ್ರಹಕ್ಕೆ ಒಯ್ದು ವಿಳಾಸ ಬದಲಿಸಿದರೆ ಸಾಕು ಎಂಬುದು ಇದರ ನಿಜವಾದ ಲಾಭ. ಸರಕು ಸ್ವಂತದ್ದಾದಾಗ ಗೋದಾಮು ಬದಲಿಸುವುದು ಸುಲಭ.

ಇದರ ಜೊತೆಗೆ, ಕಡತವನ್ನು ಫೋನಿನಲ್ಲೇ ಇಟ್ಟು ಓದುವ ಅನ್ವಯವಿದ್ದರೆ, ಸಂಪರ್ಕ ದುರ್ಬಲವಾಗಿರುವ ಮಲೆನಾಡಿನ ಊರುಗಳಲ್ಲೂ ಮಾರಾಟ ಪ್ರತಿನಿಧಿಗಳಿಗೆ ಭೂಪಟ ತೆರೆಯುತ್ತದೆ.

ಮಿತಿಗಳು ಮತ್ತು ಎಚ್ಚರಿಕೆಗಳು

ಯಾವುದೇ ವ್ಯವಸ್ಥೆಯಂತೆ ಇದಕ್ಕೂ ಮಿತಿಗಳಿವೆ.

1. ಕಡತದಲ್ಲಿರುವುದು ಭೂಪಟ ಮಾತ್ರ. ವಿಳಾಸ ಹುಡುಕುವುದು, ಮಾರ್ಗ ಸೂಚಿಸುವುದು, ವಾಹನ ದಟ್ಟಣೆ ತಿಳಿಸುವುದು ಬೇರೆಯೇ ಸೇವೆಗಳು. ಸರಕು ಸಾಗಣೆಗೆ ಅವು ಅಗತ್ಯವಿದ್ದರೆ ಅವುಗಳ ಖರ್ಚು ಉಳಿಯುತ್ತದೆ.

2. ಕಡತದ ಒಂದು ಭಾಗವನ್ನಷ್ಟೇ ತಿದ್ದಲು ಬರುವುದಿಲ್ಲ. ನವೀಕರಿಸಬೇಕಾದರೆ ಇಡೀ ಕಡತವನ್ನು ಬದಲಿಸಬೇಕು. ಗಳಿಗೆಗಳಿಗೆಗೂ ಬದಲಾಗುವ ವಾಹನಗಳ ಸ್ಥಾನ, ದಾಸ್ತಾನು ಮೊದಲಾದವನ್ನು ಭೂಪಟದ ಮೇಲಿನ ಪ್ರತ್ಯೇಕ ಪದರವಾಗಿ ಇಡುವುದೇ ಸೂಕ್ತ. ಕೆಲವು ನೂರು ವಿತರಕರ ಸ್ಥಳಗಳನ್ನು ಗುರುತಿಸಲು ಸಾಮಾನ್ಯ ಪಟ್ಟಿಯ ಕಡತವೇ ಸಾಕು.

3. ಸಂಗ್ರಹ ಸೇವೆಯು ರೇಂಜ್ ಕೋರಿಕೆಯನ್ನು ಮನ್ನಿಸಬೇಕು. ಮನ್ನಿಸಿದರೆ 206 ಎಂಬ ಸಂಕೇತದೊಡನೆ ಕೇಳಿದ ತುಣುಕು ಬರುತ್ತದೆ. 200 ಎಂದು ಬಂದರೆ ಇಡೀ ಕಡತವನ್ನೇ ಕಳುಹಿಸಲು ಹೊರಟಿದೆ ಎಂದರ್ಥ. ಭೂಪಟದ ಕಡತ ಬೇರೆ ವಿಳಾಸದಲ್ಲಿದ್ದರೆ, ತಮ್ಮ ಜಾಲತಾಣವು ಅದನ್ನು ಓದಲು ಅನುಮತಿ ಇರುವಂತೆಯೂ ಅಲ್ಲಿ ಹೊಂದಿಸಬೇಕು.

4. ಇಂತಹ ಕಡತಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ವೆಕ್ಟರ್ ಟೈಲ್‌ಗಳಲ್ಲಿ ಬಣ್ಣ, ಹೆಸರುಗಳೆಲ್ಲ ಬ್ರೌಸರ್‌ನಲ್ಲೇ ಮೂಡುತ್ತವೆ. ಊರ ಹೆಸರುಗಳನ್ನು ಕನ್ನಡದಲ್ಲಿ ತೋರಿಸಲು ಇದರಿಂದ ಅವಕಾಶವಾಗುತ್ತದೆ. ಆದರೆ ಮ್ಯಾಪ್‌ಲಿಬ್ರೆಯು ಅಕ್ಷರರೂಪಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಪದ್ಧತಿಯಲ್ಲಿ ಬೆಳೆದುದರಿಂದ, ಒತ್ತಕ್ಷರಗಳುಳ್ಳ ಭಾರತೀಯ ಲಿಪಿಗಳು ಒಡೆದು ಕಾಣುವ ತೊಡಕು ಹಿಂದಿನಿಂದಲೂ ಇದ್ದು, ಪರಿಹಾರದ ಪೂರಕಗಳು ಅನಂತರ ಬಂದಿವೆ. ಹುಬ್ಬಳ್ಳಿ, ಚಿಕ್ಕಬಳ್ಳಾಪುರ ಮುಂತಾದ ಹೆಸರುಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡಿಯೇ ಕೆಲಸವನ್ನು ಒಪ್ಪಿಕೊಳ್ಳಬೇಕು.

ಕಾನೂನು ಮತ್ತು ತೆರಿಗೆ

ಪ್ರೋಟೊಮ್ಯಾಪ್ಸ್ ಕಡತದ ಮೂಲ ದತ್ತಾಂಶ ಮುಖ್ಯವಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಆರಂಭವಾದ ಈ ಯೋಜನೆಗೆ ಸ್ವಯಂಸೇವಕರೇ ಆಧಾರ. ದತ್ತಾಂಶಕ್ಕೆ ಹಣ ಕೊಡಬೇಕಿಲ್ಲ. ಆದರೆ ಭೂಪಟದ ಮೇಲೆ ಮೂಲವನ್ನು ಸ್ಮರಿಸುವ ಸಾಲು ಕಡ್ಡಾಯ. ದೇಣಿಗೆಯಿಂದ ನಡೆಯುವ ಅದರ ಸರ್ವರ್‌ಗಳಿಂದ ಟೈಲ್‌ಗಳನ್ನು ಸಗಟಾಗಿ ಇಳಿಸಿಕೊಳ್ಳುವುದನ್ನು ಆ ಯೋಜನೆ ನಿಷೇಧಿಸಿದೆ. ಭೂಪಟವನ್ನು ತಮ್ಮ ಕಡತದಲ್ಲಿ ಇಟ್ಟುಕೊಂಡವರಿಗೆ ಈ ಪ್ರಶ್ನೆಯೇ ಏಳದು.

ಇದಕ್ಕಿಂತ ಗಂಭೀರವಾದುದು ದೇಶದ ಗಡಿಯ ವಿಚಾರ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರಕಟಿಸಿದ ಭೂಪಟಕ್ಕೆ ಹೊಂದದ ಭಾರತದ ಭೂಪಟವನ್ನು ಪ್ರಕಟಿಸುವುದು, 1990ರಲ್ಲಿ ತಿದ್ದುಪಡಿಯಾದ 1961ರ ಕ್ರಿಮಿನಲ್ ಲಾ ಅಮೆಂಡ್‌ಮೆಂಟ್ ಕಾಯ್ದೆಯ ಪ್ರಕಾರ ಅಪರಾಧ. ಆರು ತಿಂಗಳವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಗಡಿರೇಖೆಗಳನ್ನು ವಾಸ್ತವ ನಿಯಂತ್ರಣದ ಆಧಾರದಲ್ಲಿ ಗುರುತಿಸುತ್ತದೆ. ಹೀಗಾಗಿ ಜಮ್ಮು-ಕಾಶ್ಮೀರ ಮತ್ತು ಲಡಾಖ್ ಭಾಗದ ರೇಖೆಗಳು ಅಧಿಕೃತ ಭೂಪಟದಂತಿರುವುದಿಲ್ಲ. ಸ್ವಂತ ಕಡತ ಬಳಸುವವರು ಆ ರೇಖೆಗಳನ್ನು ಮರೆಮಾಡಿ, ಸರ್ವೇಕ್ಷಣ ಇಲಾಖೆಯ ಗಡಿಯನ್ನು ಪದರವಾಗಿ ಸೇರಿಸಿಕೊಳ್ಳಬೇಕು. ಕರ್ನಾಟಕದ ವ್ಯಾಪ್ತಿಯಲ್ಲೇ ವ್ಯವಹರಿಸುವವರು ನೋಟವನ್ನು ರಾಜ್ಯಕ್ಕೆ ಸೀಮಿತಗೊಳಿಸುವುದು ಸರಳ ಮಾರ್ಗ. ಭೂಪಟ ಸ್ವಂತದ್ದಾದಾಗ ಹೊಣೆಯೂ ಸ್ವಂತದ್ದಾಗುತ್ತದೆ ಎಂಬುದನ್ನು ಮರೆಯಬಾರದು.

ಸಂಗ್ರಹ ಸೇವೆಯ ಬಿಲ್ ಭಾರತೀಯ ಅಂಗಸಂಸ್ಥೆಯಿಂದ ಬಂದರೆ ಅದರಲ್ಲೇ ಜಿಎಸ್‌ಟಿ ಸೇರಿರುತ್ತದೆ. ವಿದೇಶಿ ಸಂಸ್ಥೆಯಿಂದ ನೇರವಾಗಿ ಬಂದರೆ ಅದು ಸೇವೆಯ ಆಮದು. ನೋಂದಾಯಿತ ವ್ಯಾಪಾರಿಯು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಶೇ. 18ರ ತೆರಿಗೆಯನ್ನು ನಗದು ಖಾತೆಯಿಂದ ಪಾವತಿಸಿ, ಅರ್ಹತೆಯಿದ್ದರೆ ಹೂಡುವಳಿ ತೆರಿಗೆ ಜಮೆ ಪಡೆಯಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಸಿಗುವುದಿಲ್ಲ. ಎರಡು ಡಾಲರ್‌ನ ಬಿಲ್ ಎಂದು ಇದನ್ನು ಲೆಕ್ಕದಿಂದ ಬಿಡುವಂತಿಲ್ಲ.

ಯಾರಿಗೆ ಸೂಕ್ತ?

ಸಂಪರ್ಕ ಪುಟದಲ್ಲಿ ಒಂದೇ ಮಳಿಗೆಯ ಸ್ಥಳ ತೋರಿಸುವವರು, ಸೇವೆಯ ಉಚಿತ ಮಿತಿಯೊಳಗೇ ಇರುವವರು ಇರುವ ವ್ಯವಸ್ಥೆಯನ್ನು ಬದಲಿಸಬೇಕಾದ ಅಗತ್ಯವಿಲ್ಲ. ಬದಲಾವಣೆಗೂ ತಂತ್ರಜ್ಞರ ಸಂಭಾವನೆ ತಗಲುತ್ತದೆ. ವಿತರಕರ ಜಾಲ ದೊಡ್ಡದಿದ್ದು ಭೂಪಟದ ಪುಟ ಪದೇ ಪದೇ ತೆರೆಯಲ್ಪಡುವವರು, ಭೂಪಟವನ್ನೊಳಗೊಂಡ ತಂತ್ರಾಂಶವನ್ನೇ ಮಾರುವವರು, ಸಂಪರ್ಕವಿಲ್ಲದೆಡೆ ಭೂಪಟ ಬೇಕಾದವರು ಇದನ್ನು ಪರಿಶೀಲಿಸಬಹುದು.

ನಿರ್ಧಾರಕ್ಕೆ ಮುನ್ನ ಕಳೆದ ಹನ್ನೆರಡು ತಿಂಗಳ ಭೂಪಟ ಬಳಕೆಯ ಎಣಿಕೆಯನ್ನು ಸೇವೆಯ ಖಾತೆಯಿಂದ ತೆಗೆದುನೋಡುವುದು ಮೊದಲ ಹೆಜ್ಜೆ. ಆ ಎಣಿಕೆಗೆ ಇಂದಿನ ದರ ಹಚ್ಚಿದಾಗ ಬರುವ ಮೊತ್ತವನ್ನೂ, ದರ ಇಮ್ಮಡಿಯಾದರೆ ಆಗುವ ಮೊತ್ತವನ್ನೂ ಒಂದು ಕಡೆ ಬರೆಯಬೇಕು. ಸಂಗ್ರಹದ ಬಾಡಿಗೆ, ವರ್ಷಕ್ಕೆ ಎರಡು ಬಾರಿಯ ನವೀಕರಣ ಹಾಗೂ ಒಮ್ಮೆಯ ಅಳವಡಿಕೆಯ ಸಂಭಾವನೆಯನ್ನು ಇನ್ನೊಂದು ಕಡೆ ಬರೆಯಬೇಕು. ಜಾಲತಾಣ ನಿರ್ವಹಿಸುವವರೊಡನೆ ಮಾತಿಗೆ ಕೂರುವಾಗ ಈ ಹಾಳೆ ಕೈಯಲ್ಲಿದ್ದರೆ, ತಾಂತ್ರಿಕ ಪದಗಳ ಪರಿಚಯ ಇಲ್ಲದವರೂ ತಮ್ಮ ಹಿತವನ್ನು ಸ್ವತಃ ಅಳೆದು ತೀರ್ಮಾನಿಸಬಹುದು.